ಫ್ಲ್ಯಾಶ್ ಇಲ್ಲದ ಚಿತ್ರಗಳು

1928ರಲ್ಲಿ ಬರ್ಲಿನ್ನಿನ ಕೊಲೆ ಮೊಕದ್ದಮೆಯೊಂದರ ವಿಚಾರಣೆಯನ್ನು ಎರಿಕ್ ಸಾಲೊಮನ್ ಗುಟ್ಟಾಗಿ ಚಿತ್ರ ತೆಗೆದರು. ಆಗಿನ ಫ್ಲ್ಯಾಶ್ ಎಂದರೆ ಮೆಗ್ನೀಸಿಯಂ ಪುಡಿ ಸುಟ್ಟು ಹೊಗೆ ಎಬ್ಬಿಸುವುದು. ಕೋರ್ಟಿನೊಳಗೆ ಅದು ಆಗದ ಮಾತು. ನೆರವಿಗೆ ಬಂದದ್ದು ಎರ್ಮನಾಕ್ಸ್ ಕ್ಯಾಮೆರಾದ ಅಗಲಬಾಯಿಯ ಲೆನ್ಸು. ಒಳಗಿದ್ದ ಗಾಜಿನ ಪ್ಲೇಟು ಮಾತ್ರ ಇಂದಿನ ಲೆಕ್ಕದಲ್ಲಿ ತೀರಾ ನಿಧಾನದ್ದು. ಯೆಹೂದಿಯಾಗಿದ್ದ ಸಾಲೊಮನ್‌ರನ್ನು 1944ರಲ್ಲಿ ಔಶ್ವಿಟ್ಸ್‌ನಲ್ಲಿ ಕೊಂದರು.

ಹತ್ತು ವರ್ಷದ ಮೇಲೆ, 1954ರಲ್ಲಿ, ಕೊಡಾಕ್ ತನ್ನ ಟ್ರೈ-ಎಕ್ಸ್ ಫಿಲ್ಮನ್ನು 35 ಎಂಎಂ ಸುರುಳಿಯಲ್ಲಿ ತಂದಿತು. ಮುಂದೆ 400 ಎಂದು ಹೆಸರಾದ ಈ ಫಿಲ್ಮನ್ನು ಪತ್ರಿಕಾ ಛಾಯಾಗ್ರಾಹಕರು 1600 ಎಂದೇ ಬಗೆದು, ಅಂದರೆ ಬೇಕಾದ ಬೆಳಕಿನ ಕಾಲುಪಾಲನ್ನಷ್ಟೇ ಕೊಟ್ಟು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುತ್ತಿದ್ದರು. ಇದಕ್ಕೆ ‘ಪುಶ್’ ಮಾಡುವುದು ಎನ್ನುತ್ತಾರೆ. ಮುಖಗಳು ಮೂಡಿದವು, ನೆರಳಿನ ವಿವರ ಕಳೆಯಿತು, ಗ್ರೇನ್ ರಾಗಿ ಚೆಲ್ಲಿದಂತೆ ಎದ್ದಿತು. ಬರಬರುತ್ತ ಆ ಗ್ರೇನೇ ಸತ್ಯದ ಗುರುತಾಗಿಬಿಟ್ಟಿತು. (ನನಗೆ ಇದು ಒಪ್ಪಿಗೆಯಿಲ್ಲ. ಒರಟಾಗಿ ಕಂಡದ್ದೆಲ್ಲ ನಿಜವಾಗಬೇಕಿಲ್ಲ.)

2007ರ ನಿಕಾನ್ ಡಿ3 ಬಂದಾಗ ಐಎಸ್ಒ 6400 ದಿನಬಳಕೆಯ ಮಾತಾಯಿತು. ಒತ್ತಿದರೆ 25600ರ ತನಕ. ಆದರೆ ಐಎಸ್ಒ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ, ಸೆನ್ಸರಿಗೆ ಬಿದ್ದಷ್ಟನ್ನೇ ಅದು ಹಿಗ್ಗಿಸಿ ತೋರಿಸುತ್ತದೆ. ನಾವು ನಾಯ್ಸ್ ಎಂದು ಬೈಯುವುದರಲ್ಲಿ ದೊಡ್ಡ ಪಾಲು ಕ್ಯಾಮೆರಾದ್ದಲ್ಲ, ಬೆಳಕಿನದೇ. ಫೋಟಾನುಗಳು ಮಳೆಯ ಮೊದಲ ಹನಿಗಳ ಹಾಗೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಬೀಳುತ್ತವೆ. ಮಳೆ ಜೋರಾದರೆ ಅಂಗಳವೆಲ್ಲ ಒಂದೇ ಸಮ ನೆನೆಯುತ್ತದೆ; ದೀಪದ ಬೆಳಕಿನಲ್ಲಿ ಅಷ್ಟು ಮಳೆ ಇರುವುದಿಲ್ಲ.