ಅಸಹನೆಗೆ ಶಿಲೆಯು ನುಡಿದ ಉತ್ತರ



ನೂತನ ಬಸದಿಯಲ್ಲಿ ಜಿನಬಿಂಬದ ಪ್ರತಿಷ್ಠೆ ನೆರವೇರುತ್ತಿರುವ ಈ ಶುಭಸಂದರ್ಭದಲ್ಲಿ ನಾವು ಸ್ಥಾಪಿಸುತ್ತಿರುವುದು ಕೇವಲ ಶಿಲೆಯನ್ನಲ್ಲ ಎಂಬುದು ಎಲ್ಲರಿಗೂ ವಿದಿತವೇ ಆಗಿದೆ. ಶಿಲೆಯು ಪೂಜೆಗೆ ಪಾತ್ರವಾಗುವಂತೆ ಸಾಕ್ಷಿಯಾಗಿಯೂ ನಿಲ್ಲಬಲ್ಲುದು. ಅನ್ಯಾಯವೊದಗಿದಾಗ ನಮ್ಮ ಪೂರ್ವಿಕರು ಖಡ್ಗವನ್ನು ಹಿಡಿಯದೆ, ಊರೂ ಬಿಡದೆ, ತಮ್ಮ ಮೊರೆಯನ್ನೂ ಅದಕ್ಕೆ ದೊರೆತ ನ್ಯಾಯವನ್ನೂ ಸರ್ವರೂ ಕಾಣುವೆಡೆಯಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದರು. ವ್ಯಾಪಾರದಲ್ಲಿ ಜೀವನ ಸವೆಸಿದ ನಾನು ವಿದ್ವಾಂಸನಲ್ಲ. ಆದರೂ ಬಲ್ಲಷ್ಟನ್ನು ಬಿನ್ನವಿಸಿಕೊಳ್ಳುತ್ತೇನೆ.

ಮೊದಲು ನಮ್ಮ ಸೀಮೆಯ ಮಾತು. ಚಿಕ್ಕಬಳ್ಳಾಪುರದ ಸಮೀಪದ ನಂದಿಯ ಗೋಪಿನಾಥ ಬೆಟ್ಟದಲ್ಲಿ ಗಂಗರ ಕಾಲದ್ದೆಂದು ಪಂಡಿತರು ಎಣಿಸಿರುವ ಸಂಸ್ಕೃತ ಶಾಸನವೊಂದಿದೆ. ಅಲ್ಲಿದ್ದ ಅರ್ಹತ್ ಪರಮೇಶ್ವರನ ಚೈತ್ಯಾಲಯವನ್ನು ದಶರಥಪುತ್ರನಾದ ರಾಮನು ಸ್ಥಾಪಿಸಿದನೆಂದೂ ಪಾಂಡವರ ಜನನಿಯಾದ ಕುಂತಿಯು ಅದನ್ನು ಜೀರ್ಣೋದ್ಧಾರ ಮಾಡಿಸಿದಳೆಂದೂ ಅದು ಹೇಳುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಭೀಮನು ಬಕಾಸುರನನ್ನು ಕೊಂದ ಕಥೆಯನ್ನು ಜನರು ಇಂದಿಗೂ ಹೇಳುತ್ತಾರೆ. ಒಂದೇ ಕುಂತಿಯನ್ನು ಜೈನರೂ ವೈದಿಕರೂ ತಮ್ಮವಳೆಂದು ನೆನೆದ ನಾಡು ಇದು. ಇಂತಹ ನಾಡಿನಲ್ಲಿಯೂ ಅಸಹನೆ ತಲೆಯೆತ್ತಿದ ಕಾಲಗಳುಂಟು.

ವಿಜಯನಗರದ ಬುಕ್ಕರಾಯನು ಆಳುತ್ತಿದ್ದ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹವೊದಗಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿಕೊಂಡರು. ಇವುಗಳಲ್ಲಿ ಪೆನುಗೊಂಡೆಯು ಗೌರಿಬಿದನೂರಿನಿಂದ ಉತ್ತರಕ್ಕೆ ಹಿಂದೂಪುರವನ್ನು ದಾಟಿದರೆ ದೊರೆಯುವ ಊರು. ದಿಲ್ಲಿ, ಕೊಲ್ಲಾಪುರ, ಜಿನಕಂಚಿಗಳೊಡನೆ ನಮ್ಮ ಚತುಃಸಿಂಹಾಸನಗಳಲ್ಲಿ ಒಂದೆಂದು ಕೀರ್ತಿತವಾದ ಕ್ಷೇತ್ರ. ಅಂದು ಅರಸನ ಬಾಗಿಲಿಗೆ ಹೋದವರಲ್ಲಿ ನಮ್ಮ ನೆರೆಯವರೂ ಇದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ.

ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕರೆಸಿ, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದು. ಜೈನದರ್ಶನಕ್ಕೆ ಹಾನಿಯೊದಗಿದರೆ ವೈಷ್ಣವರು ಅದನ್ನು ತಮಗೇ ಒದಗಿದ ಹಾನಿಯೆಂದು ಭಾವಿಸತಕ್ಕದ್ದು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ಶಾಸನವಾಗಿ ನಡೆಸತಕ್ಕದ್ದು. 1368ನೆಯ ಇಸವಿಯ ಈ ಶಾಸನವು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ, ಅಂದರೆ ಅಂದಿನ ಕಲ್ಲೆಹದಲ್ಲಿಯೂ, ಇದೇ ವಿಷಯದ ಶಾಸನವಿದೆ.

ಇಲ್ಲಿ ನಾವು ಗಮನಿಸಬೇಕಾದುದು ಒಂದುಂಟು. ಆ ಶಾಂತಿಯು ಪುಕ್ಕಟೆಯಾಗಿ ದೊರೆಯಲಿಲ್ಲ. ಜೈನರ ಮನೆಮನೆಯಿಂದಲೂ ವರ್ಷಕ್ಕೊಂದು ಹಣವನ್ನೆತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕೆಂದೂ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ಸರಿಪಡಿಸಬೇಕೆಂದೂ ಅಲ್ಲಿ ವಿಧಿಸಿದೆ. ಈ ಕಾರ್ಯದ ಹೊಣೆಯನ್ನು ಹೊತ್ತವರು ತಿರುಮಲೆಯ ತಾತಯ್ಯನವರು. ಹಣ ನಮ್ಮದು, ಕಾವಲಿನ ಭಾಷೆ ವೈಷ್ಣವರದು. ತರುವಾಯ ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿಯು ಮತ್ತೆ ಅರಸನಿಗೆ ಬಿನ್ನವಿಸಿ, ತಾತಯ್ಯನವರನ್ನು ಬರಮಾಡಿಕೊಂಡು ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮುದಾಯದವರೂ ಕೂಡಿ ಆತನಿಗೆ ‘ಸಂಘನಾಯಕ’ನೆಂಬ ಪಟ್ಟವನ್ನು ಕಟ್ಟಿದರು. ಎದುರುಪಕ್ಷದವರೂ ಒಪ್ಪಿ ಗೌರವಿಸಿದ ನಾಯಕನು ಒಬ್ಬ ಸೆಟ್ಟಿ!

ಎರಡನೆಯ ನಿದರ್ಶನವು ಹಳೇಬೀಡಿನದು. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯು ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ಕಟ್ಟಿಸಿದುದು. ಅದರ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆಯನ್ನೊತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಕಂಬದ ಮೇಲಿನ ಒಂದು ಗುರುತು ಎರಡು ಸಮುದಾಯಗಳನ್ನು ಹೊಡೆದಾಟಕ್ಕೆ ನಿಲ್ಲಿಸಬಹುದಾಗಿದ್ದಿತು. ಹಾಗಾಗಲಿಲ್ಲ. ಜೈನಪ್ರಮುಖರು ಬಿನ್ನಹ ಮಾಡಿಕೊಳ್ಳಲು, ವೀರಶೈವ ಪ್ರಮುಖರೇ ಕುಳಿತು ವಿಚಾರಿಸಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ಜೈನರು ತಮ್ಮ ಪೂಜಾದಿಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ವಿಧಿಸಿದರು. ಜಿನಧರ್ಮಕ್ಕೆ ಅಡ್ಡಿಪಡಿಸುವವನು ಶಿವದ್ರೋಹಿಯೆಂದೂ ಬರೆಸಿದರು. ಇದು 1638ರ ಶಾಸನ.

ಜಿನಾಲಯದಲ್ಲಿ ವಿಭೂತಿಗೆ ಅಗ್ರಸ್ಥಾನವೇ? ಇದು ಅವಮಾನವಲ್ಲವೇ? ಎಂದು ತರುಣರು ಕೇಳಬಹುದು. ನನಗೂ ಮೊದಲು ಹಾಗೆಯೇ ಅನಿಸಿದ್ದುಂಟು. ಆದರೆ ಪೇಟೆಯಲ್ಲಿ ಕುಳಿತವನಿಗೆ ರಾಜಿಯ ಬೆಲೆ ತಿಳಿದಿರುತ್ತದೆ. ಅಂದು ನಮ್ಮವರು ಕೊಟ್ಟುದು ಒಂದು ಉಪಚಾರ. ಉಳಿಸಿಕೊಂಡುದು ಪಾರ್ಶ್ವನಾಥ ಸ್ವಾಮಿಯ ಪೂಜೆ. ಆ ಮೂರ್ತಿಯು ಇಂದಿಗೂ ಅಲ್ಲಿ ನಿಂತಿದೆ.

ಕಲ್ಲನ್ನು ಸಾಕ್ಷಿಯಾಗಿ ನಿಲ್ಲಿಸುವ ಈ ಪದ್ಧತಿ ನಮ್ಮ ಸಮಾಜಕ್ಕೆ ಮಾತ್ರ ಸೀಮಿತವಲ್ಲ. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದ ನಿರಾಯುಧರ ಮೇಲೆ ಗುಂಡು ಹಾರಿತು. ಒಂದು ಬಾವುಟವನ್ನೂ ಸಹಿಸದ ಆಡಳಿತಕ್ಕೆ ಅಲ್ಲಿಯ ಜನರು ನೀಡಿದ ಶಾಶ್ವತ ಉತ್ತರ ಹುತಾತ್ಮರ ಸ್ಮಾರಕ. ಸಹಸ್ರಾರು ನಾಗರಕಲ್ಲುಗಳ ನಡುವೆ ಆ ಸ್ಮಾರಕವೂ ನಮಗೆ ಪೂಜ್ಯವೇ.

1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆಂದು ತಂದೆಯವರು ಬಾಲಕನಾಗಿದ್ದ ನನ್ನನ್ನು ಬೆಳಗೊಳಕ್ಕೆ ಕರೆದೊಯ್ದಿದ್ದರು. ಅಂದು ನಮ್ಮ ಕಣ್ಣುಗಳೆಲ್ಲ ವಿಂಧ್ಯಗಿರಿಯ ಗೊಮ್ಮಟಸ್ವಾಮಿಯ ಮೇಲೆ. ಕೆಳಗಿನ ಭಂಡಾರಿ ಬಸದಿಯಲ್ಲಿ ಚತುರ್ವಿಂಶತಿ ತೀರ್ಥಂಕರರಿಗೆ ಕೈಮುಗಿದು ಹೊರಬಂದೆವೇ ಹೊರತು ಬುಕ್ಕರಾಯನ ಶಾಸನದತ್ತ ತಿರುಗಿಯೂ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದರ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತು. ನಾವು ನೆಮ್ಮದಿಯಿಂದ ಅಭಿಷೇಕ ನೋಡುವಂತೆ ಮಾಡಿದವರಲ್ಲಿ ಹಣ ತೆತ್ತ ಆ ಮನೆಮಂದಿಯೂ, ಕೈಗೆ ಕೈಕೊಟ್ಟ ಆ ವೈಷ್ಣವರೂ ಸೇರಿದ್ದಾರೆ.

ಆದುದರಿಂದ ಸಮಾಜಬಾಂಧವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಮ್ಮ ಸುತ್ತಿನ ಹೊಲಗಳಲ್ಲಿ, ಕೆರೆಯ ಏರಿಗಳಲ್ಲಿ ಬರಹವಿರುವ ಕಲ್ಲಾಗಲಿ ಭಗ್ನಬಿಂಬವಾಗಲಿ ಕಂಡರೆ, ಅದು ಯಾವ ಮತದ್ದಾದರೂ ಸರಿ, ಪುರಾತತ್ತ್ವ ಇಲಾಖೆಗೆ ತಿಳಿಸಿ ಕಾಪಾಡಿರಿ. ಮತ್ತೊಬ್ಬರ ಗುಡಿಗೆ ಹಾನಿಯಾದಾಗ ಅದು ನಮ್ಮ ಬಸದಿಗೇ ಆದ ಹಾನಿಯೆಂದು ಎದ್ದುನಿಲ್ಲಿರಿ. 1368ರಲ್ಲಿ ವೈಷ್ಣವರು ನಮಗಾಗಿ ಕೊಟ್ಟ ಭಾಷೆಯನ್ನು ನಾವು ಇಂದು ಹಿಂದಿರುಗಿಸಬೇಕಾಗಿದೆ. ಪ್ರತಿಷ್ಠೆಗೊಳ್ಳುತ್ತಿರುವ ಜಿನಬಿಂಬದ ಸನ್ನಿಧಿಯಲ್ಲಿ ಆ ಸಂಕಲ್ಪವನ್ನು ಕೈಗೊಳ್ಳೋಣ.

ಜೈನಂ ಜಯತು ಶಾಸನಂ.