ಮಧುಮೇಹವೂ ಪಾದದ ಅರಿವೂ

ನಂದಿನಿ ಲೇಔಟಿನ ಯಾವುದಾದರೊಂದು ದೇವಾಲಯದಲ್ಲಿ ವೈಶಾಖದ ಮಧ್ಯಾಹ್ನ ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವವರು ಕಾದ ಕಲ್ಲಿನ ಮೇಲೆ ಬೇಗಬೇಗನೆ ಹೆಜ್ಜೆಯಿಡುವರು. ಅವರ ನಡುವೆ ಮಧುಮೇಹಿಯೊಬ್ಬನು ಮೆಲ್ಲನೆ ನಡೆದರೆ ನಾವು ಅದನ್ನು ಭಕ್ತಿಯ ತನ್ಮಯತೆಯೆಂದು ಭಾವಿಸಬಹುದು. ವಸ್ತುತಃ ಅವನ ಪಾದಗಳಿಗೆ ಬಿಸಿಯ ಅರಿವೇ ಇಲ್ಲದಿರಬಹುದು. ರಾತ್ರಿ ಕಾಲು ತೊಳೆಯುವಾಗ ಬೊಬ್ಬೆಯನ್ನು ಕಂಡ ಮೇಲೆಯೇ ಸಂಗತಿ ತಿಳಿಯುವುದು.

ಈ ವ್ಯಾಧಿಲಕ್ಷಣ ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನವು ಪ್ರಮೇಹದ ಪೂರ್ವರೂಪಗಳಲ್ಲಿ ಕೈಕಾಲುಗಳ ಜೋಮನ್ನೂ ಉರಿಯನ್ನೂ ಎಣಿಸಿದೆ. ಯೂರೋಪಿನಲ್ಲಾದರೋ ನರಗಳ ವಿಕಾರದಿಂದಲೇ ಮಧುಮೇಹವು ಹುಟ್ಟುವುದೆಂಬ ನಂಬಿಕೆ ಬಹುಕಾಲವಿದ್ದಿತು. ಮಧುಮೇಹವೇ ಕಾರಣ, ನರವಿಕಾರವು ಅದರ ಫಲವೆಂದು 1864ರಲ್ಲಿ ವಾದಿಸಿದವನು ಫ್ರಾನ್ಸಿನ ಮಾರ್ಶಾಲ್ ದ ಕಾಲ್ವಿ. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತ ಮೇಲೆ ರೋಗಿಗಳು ದೀರ್ಘಕಾಲ ಬದುಕತೊಡಗಿದರು. ಅದರೊಡನೆ ಬಹುಕಾಲದ ಮಧುಮೇಹವು ನರಗಳಿಗೆ ಮಾಡುವ ಹಾನಿಯೂ ಹೆಚ್ಚು ಹೆಚ್ಚಾಗಿ ಕಾಣಿಸಿಕೊಂಡಿತು.

ಆದರೆ ಪಾದವನ್ನು ಉಳಿಸುವ ಪಾಠವು ಬಂದದ್ದು ಬೇರೊಂದು ರೋಗದಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿ, ಬೆರಳುಗಳು ಸವೆಯುವುದು ಮಾಂಸವು ತಾನಾಗಿ ಕೊಳೆಯುವುದರಿಂದಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯಗಳಿಂದ ಎಂಬುದನ್ನು ಕಂಡನು. ಮೆತ್ತನೆಯ ರಬ್ಬರಿನ ಪಾದರಕ್ಷೆಗಳು ಅದಕ್ಕೆ ಪರಿಹಾರವಾದುವು. 1966ರಲ್ಲಿ ಆತನು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಅದೇ ತತ್ತ್ವವು ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು. ಬೆಂಗಳೂರಿಗರಿಗೆ ಈ ಪಾಠ ದೂರದ್ದಲ್ಲ. ನಂದಿನಿ ಲೇಔಟಿನಿಂದ ಹೊರವರ್ತುಲ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಮಾಗಡಿ ರಸ್ತೆ ಕೂಡುವೆಡೆ ಸುಮನಹಳ್ಳಿ. ಅಲ್ಲಿ 1970ರ ದಶಕದ ಅಂತ್ಯದಿಂದ ಕುಷ್ಠಪೀಡಿತರ ಆರೈಕೆ ನಡೆದುಬಂದಿದೆ.

ಪರೀಕ್ಷೆಯ ಸಾಧನಗಳು ಅತ್ಯಲ್ಪ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಅರಿವಾಯಿತೇ ಎಂದು ಕೇಳುವರು. ಶ್ರುತಿಕವೆಯನ್ನು ಹೆಬ್ಬೆರಳಿನ ಮೇಲಿಟ್ಟು ಅದರ ಕಂಪನವನ್ನು ವಿಚಾರಿಸುವರು. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಿಕೊಳ್ಳತಕ್ಕದ್ದು. ಬಿ 12 ಜೀವಸತ್ತ್ವದ ಕೊರತೆಯೂ ಇಂತಹ ಜೋಮನ್ನು ತರಬಲ್ಲುದು. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವವರಲ್ಲಿ ಆ ಕೊರತೆಯುಂಟಾಗಬಹುದಾದ್ದರಿಂದ ರಕ್ತಪರೀಕ್ಷೆಯೂ ಯುಕ್ತ.

ಚಿಕಿತ್ಸೆಯ ವಿಷಯದಲ್ಲಿ ಭ್ರಾಂತಿ ಬೇಡ. ಡುಲಾಕ್ಸೆಟಿನ್, ಪ್ರೆಗಾಬಾಲಿನ್ ಮೊದಲಾದ ಔಷಧಗಳು ಉರಿಯನ್ನು ಶಮನಗೊಳಿಸುವುವೇ ಹೊರತು ಕೆಟ್ಟ ನರವನ್ನು ಸರಿಪಡಿಸಲಾರವು. ಸಕ್ಕರೆಯ ಹತೋಟಿಯೇ ಮುಖ್ಯ. 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ, ಇನ್ಸುಲಿನ್ನನ್ನೇ ಅವಲಂಬಿಸಿದ ಮೊದಲನೆಯ ವರ್ಗದ ಮಧುಮೇಹಿಗಳಲ್ಲಿ, ಬಿಗಿಯಾದ ಹತೋಟಿಯಿಂದ ನರಹಾನಿಯು ಶೇಕಡ 60ರಷ್ಟು ತಗ್ಗಿತು. ಎರಡನೆಯ ವರ್ಗದವರಲ್ಲಿ ಫಲವು ಇಷ್ಟಿಲ್ಲ; ಆದಕಾರಣ ಅವರಿಗೆ ಪಾದದ ಎಚ್ಚರವು ಇನ್ನೂ ಅಗತ್ಯ.

ನೋವನ್ನು ನಾವೆಲ್ಲರೂ ಶತ್ರುವೆಂದು ದೂರುತ್ತೇವೆ. ಅದು ದೇಹದ ಕಾವಲುಗಾರ. ಕಾವಲುಗಾರನು ನಿದ್ರಿಸಿದ ಮನೆಯಲ್ಲಿ ಯಜಮಾನನೇ ದೀಪ ಹಿಡಿದು ನೋಡಬೇಕು. ಮಲಗುವ ಮುನ್ನ ಕಾಲನ್ನೊರಸಿ, ಬೆರಳ ಸಂದಿಗಳನ್ನೂ ಅಂಗಾಲನ್ನೂ ಪರೀಕ್ಷಿಸಿರಿ. ಕಣ್ಣು ಮಂದವಾದವರಿಗೆ ಮನೆಯವರು ನೋಡಲಿ. ಗಾಯ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ, ನೋವಿಲ್ಲವೆಂಬ ಕಾರಣಕ್ಕಾಗಿಯೇ ವೈದ್ಯರಲ್ಲಿಗೆ ಹೋಗಿರಿ.