ಟೆನ್ನಿಸ್ ಚೆಂಡಿನ ಡಬ್ಬಿ: ಒಂದು ಚಾರಿತ್ರಿಕ ವಿವೇಚನೆ

ಆಟಗಳ ಚರಿತ್ರೆಯನ್ನು ಬರೆದವರು ಆಟಗಾರರನ್ನೂ ಪಂದ್ಯಗಳನ್ನೂ ಕುರಿತು ಹೇರಳವಾಗಿ ಬರೆದಿದ್ದಾರೆ. ಆಟದ ಸಾಮಗ್ರಿಯನ್ನು ಕುರಿತು ಅಷ್ಟಿಷ್ಟು ಬರೆದಿದ್ದಾರೆ. ಆ ಸಾಮಗ್ರಿಯನ್ನು ತುಂಬಿ ಮಾರುವ ಪೆಟ್ಟಿಗೆ ಡಬ್ಬಿಗಳ ಗೊಡವೆಗೆ ಹೋದವರು ವಿರಳ. ಎಸೆಯತಕ್ಕ ವಸ್ತುವಿಗೆ ಚರಿತ್ರೆಯೇನು ಎಂಬ ಉದಾಸೀನವೇ ಇದಕ್ಕೆ ಕಾರಣವಿರಬೇಕು. ಆದರೆ ಎಸೆದದ್ದನ್ನು ಮತ್ತೆ ಕಚ್ಚಾಮಾಲಾಗಿ ಮಾಡುವುದು ಹೇಗೆಂಬ ಪ್ರಶ್ನೆ ಇಂದು ಶಾಸನಗಳ ಮಟ್ಟಕ್ಕೆ ಏರಿದೆ. ಆದುದರಿಂದ ಟೆನ್ನಿಸ್ ಚೆಂಡಿನ ಡಬ್ಬಿಯೊಂದನ್ನೇ ಹಿಡಿದು ಅದರ ಪೂರ್ವವೃತ್ತಾಂತವನ್ನು ಇಲ್ಲಿ ಪರಿಶೀಲಿಸಿದೆ.

1874ರಲ್ಲಿ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಲಾನ್ ಟೆನ್ನಿಸಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು, ಬಲೆ, ಕಂಬ, ರಾಕೆಟ್ಟು, ಚೆಂಡು ಮತ್ತು ನಿಯಮಗಳ ಕಿರುಹೊತ್ತಗೆಯನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಐದು ಗಿನಿಗಳಿಗೆ ಮಾರಿಸಿದನು. ಆ ಪೆಟ್ಟಿಗೆಯನ್ನು ಕೊಂಡವರಾರೂ ಮರುದಿನ ಎಸೆಯುವ ಪ್ರಮೇಯವಿರಲಿಲ್ಲ; ಸಾಮಗ್ರಿ ಮನೆಯಲ್ಲಿ ವಾಸಿಸಬೇಕಾದ ಸ್ಥಾನವೇ ಅದು. ಕಟ್ಟೂ ಕಪಾಟೂ ಒಂದೇ ಆಗಿದ್ದ ಕಾಲವೆನ್ನಬಹುದು.

ಈ ಸರಳ ಸ್ಥಿತಿಯನ್ನು ಕೆಡಿಸಿದ್ದು ಚೆಂಡಿನ ಒಳಗಿನ ಗಾಳಿ. ರಬ್ಬರಿನ ಎರಡು ಅರ್ಧಗೋಳಗಳನ್ನು ಬೆಸೆದು, ಹೊರಗಿನ ವಾಯುವಿಗಿಂತ ಹೆಚ್ಚಿನ ಒತ್ತಡವನ್ನು ಒಳಗೆ ನಿಲ್ಲಿಸಿದರೆ ಚೆಂಡು ಚೆನ್ನಾಗಿ ಪುಟಿಯುತ್ತದೆ. ಆದರೆ ರಬ್ಬರು ಗಾಳಿಯನ್ನು ಪೂರ್ಣವಾಗಿ ತಡೆಯಲಾರದು. ದಿನ ಕಳೆದಂತೆ ಅದು ಸೋರುತ್ತದೆ. ಆಡದೆ ಅಂಗಡಿಯಲ್ಲಿಟ್ಟ ಚೆಂಡೂ ಮುದಿಯಾಗುತ್ತದೆ. 1926ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಬ್ಬರ್ ಕಂಪನಿಯು ಇದಕ್ಕೆ ಕಂಡುಕೊಂಡ ಪರಿಹಾರವೇ ಮೂರು ಚೆಂಡು ಹಿಡಿಯುವ, ಒತ್ತಡ ತುಂಬಿ ಮುಚ್ಚಿದ ಲೋಹದ ಡಬ್ಬಿ. ಒಳಗೂ ಹೊರಗೂ ಒತ್ತಡ ಹೆಚ್ಚುಕಡಮೆ ಸಮನಾದಾಗ ಚೆಂಡಿನೊಳಗಿನ ಗಾಳಿ ಹೊರಡಲು ಕಾರಣವೇ ಉಳಿಯುವುದಿಲ್ಲ. ಒಡಲೂ ಮುಚ್ಚಳವೂ ಲೋಹವಾದ ಇಂಥ ಡಬ್ಬಿಯನ್ನು ಕರಗಿಸುವುದು ಗುಜರಿಯವನಿಗೆ ಕಷ್ಟದ ಕೆಲಸವಲ್ಲ. ತಯಾರಕರು ಇದನ್ನು ಉದ್ದೇಶಿಸಿದ್ದರೆಂದು ಹೇಳುವುದು ಮಾತ್ರ ಅತಿಶಯೋಕ್ತಿಯಾದೀತು.

1980ರ ದಶಕದಲ್ಲಿ ಲೋಹದ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಇಂಗ್ಲೆಂಡಿನಲ್ಲಿ ನಿರ್ಮಿಸಿದ ‘ಪೆಟ್’ ಎಂಬ ಪಾಲಿಎಸ್ಟರು, 1973ರಲ್ಲಿ ನಥಾನಿಯಲ್ ವಯತ್ ಪಡೆದ ಪೇಟೆಂಟಿನಿಂದಾಗಿ ಪಾನೀಯದ ಸೀಸೆಯಾಗಿತ್ತು. ಅದೇ ವಸ್ತು ಈಗ ಚೆಂಡಿನ ಡಬ್ಬಿಗೂ ಒದಗಿತು. ಹಗುರ, ಪಾರದರ್ಶಕ, ತುಕ್ಕು ಹಿಡಿಯದು. ಆದರೆ ಒತ್ತಡವನ್ನು ಭದ್ರವಾಗಿ ಹಿಡಿಯುವ ಮುಚ್ಚಳ ಲೋಹದ್ದೇ ಆಗಿ ಉಳಿಯಿತು. ಪರಿಣಾಮವಾಗಿ ಒಡಲು ಪೆಟ್, ಬಾಯಿಗೆ ಮಡಿಸಿ ಬಿಗಿದ ಲೋಹದ ಬಳೆ, ಮೇಲಿನ ಟೊಪ್ಪಿ ಇನ್ನೊಂದು ಪ್ಲಾಸ್ಟಿಕ್ಕು, ಸುತ್ತಲೂ ಅಚ್ಚೊತ್ತಿದ ಹೊದಿಕೆ, ಹೀಗೆ ಒಂದು ಡಬ್ಬಿ ನಾಲ್ಕು ವಸ್ತುಗಳ ಸಂಸಾರವಾಯಿತು.

ಇವುಗಳಲ್ಲಿ ಎಲ್ಲವೂ ಸಮಾನವಾಗಿ ಬಾಧಕವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪೆಟ್ಟಿನ ಸಾಂದ್ರತೆ ಸುಮಾರು 1.38, ಪಾಲಿಎಥಿಲೀನಿನದು ಒಂದಕ್ಕಿಂತ ಕಡಮೆ. ಪುಡಿಮಾಡಿ ನೀರಿಗೆ ಹಾಕಿದರೆ ಒಂದು ಮುಳುಗುತ್ತದೆ, ಮತ್ತೊಂದು ತೇಲುತ್ತದೆ. ಹಾಗಾಗಿ ಟೊಪ್ಪಿ ಪಾಲಿಎಥಿಲೀನಿನದಾದರೆ ಅದರಿಂದ ದೊಡ್ಡ ತೊಂದರೆಯಿಲ್ಲ. ಹೊದಿಕೆ ಪಿ.ವಿ.ಸಿ.ಯದಾದರೆ ಅದು ಪೆಟ್ಟಿನೊಡನೆಯೇ ಮುಳುಗಿ ಅದನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಹಟಮಾರಿಯಾದುದು ಲೋಹದ ಬಳೆ. ಮುಚ್ಚಳವನ್ನು ಕಿತ್ತೆಸೆದ ಮೇಲೂ ಅದು ಒಡಲನ್ನು ಬಿಡುವುದಿಲ್ಲ. ಲೋಹವನ್ನು ಆರಿಸುವ ಯಂತ್ರ ಇಡೀ ಡಬ್ಬಿಯನ್ನೇ ಅತ್ತ ತಳ್ಳಿಬಿಡಬಹುದು. (ನಮ್ಮ ಕಾಲೇಜುಗಳಲ್ಲಿ ಇಂಥ ಡಬ್ಬಿಗೆ ಲೇಖನಿ ನಿಲ್ಲಿಸುವ ಎರಡನೆಯ ಜನ್ಮವುಂಟು. ಆದರೆ ಎಷ್ಟು ಲೇಖನಿಗೆ ಎಷ್ಟು ಡಬ್ಬಿ?) ದೊಡ್ಡ ಪಂದ್ಯಗಳಲ್ಲಿ ಮೊದಲು ಏಳು, ಆಮೇಲೆ ಒಂಬತ್ತೊಂಬತ್ತು ಗೇಮುಗಳಿಗೆ ಆರು ಚೆಂಡುಗಳನ್ನು ಬದಲಿಸುವ ರೂಢಿಯಿದೆ. ನಲವತ್ತು ಗೇಮುಗಳ ಒಂದು ಪಂದ್ಯಕ್ಕೆ ಮೂವತ್ತು ಚೆಂಡು, ಎಂದರೆ ಹತ್ತು ಡಬ್ಬಿ.

ಇದೆಲ್ಲ ವಿನ್ಯಾಸಕಾರರ ಅಲಕ್ಷ್ಯದ ಫಲವೆಂಬ ಮಾತನ್ನು ನಾವು ಒಪ್ಪಲಾರೆವು. ಹೋಲಿಕೆಗಾಗಿ ಪಾದರಕ್ಷೆಯನ್ನು ನೋಡಬಹುದು. 2010ರಲ್ಲಿ ಪ್ಯೂಮಾ ಕಂಪನಿಗಾಗಿ ಈವ್ ಬೇಯಾರ್ ರೂಪಿಸಿದ ಚೀಲ, ರಟ್ಟಿನ ಬಳಕೆಯನ್ನು 65ರಷ್ಟು ಶೇಕಡಾ ತಗ್ಗಿಸುವುದೆಂದು ಕಂಪನಿ ಪ್ರಕಟಿಸಿತು. ಬೂಟು ತನ್ನ ಪೆಟ್ಟಿಗೆಯಿಂದ ಹೆಚ್ಚೇನನ್ನೂ ಬೇಡುವುದಿಲ್ಲ. ಆದಕಾರಣ ಅಲ್ಲಿ ಪೆಟ್ಟಿಗೆಯನ್ನಷ್ಟೆ ತಿದ್ದಿದರೆ ಸಾಕಾಯಿತು. ಟೆನ್ನಿಸ್ ಚೆಂಡಾದರೋ ಒತ್ತಡವನ್ನು ಬೇಡುತ್ತದೆ. ಡಬ್ಬಿಯನ್ನು ಬದಲಿಸಬೇಕಾದರೆ ಚೆಂಡನ್ನೇ ಬದಲಿಸಬೇಕು. ಒತ್ತಡವಿಲ್ಲದೆ ರಬ್ಬರಿನ ಬಿಗಿಯಿಂದಲೇ ಪುಟಿಯುವ ಚೆಂಡುಗಳನ್ನು ಸ್ವೀಡನ್ನಿನ ಟ್ರೆಟಾರ್ನ್ ಮಾಡಿತ್ತು. ಕೈಗೆ ಗಡುಸೆಂಬ ದೂರು ಇಂಥ ಚೆಂಡುಗಳಿಗೆ ತಪ್ಪಿದ್ದಲ್ಲ. 2019ರಲ್ಲಿ ವಿಲ್ಸನ್ ಕಂಪನಿ ಹೊರತಂದ ‘ಟ್ರಿನಿಟಿ’ ಚೆಂಡಿನ ತಿರುಳು ಬೇರೊಂದು ಸಂಯುಕ್ತದ್ದು. ಅದಕ್ಕೆ ಒತ್ತಡದ ಡಬ್ಬಿ ಬೇಕಿಲ್ಲವಾದ್ದರಿಂದ ಅದು ಪೂರ್ತಿ ಮರುಬಳಕೆಗೆ ಒದಗುವ ರಟ್ಟಿನ ಕಟ್ಟಿನಲ್ಲಿ ಬಂದಿತು.

ಭಾರತದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ 2022ರಲ್ಲಿ ಮಾಡಿದ ತಿದ್ದುಪಡಿಯು ಪ್ಲಾಸ್ಟಿಕ್ ಕಟ್ಟಿನ ಹೊಣೆಯನ್ನು ತಯಾರಕರ ಮೇಲೆ ವಿವರವಾಗಿ ಹೊರಿಸಿದೆ. 2025ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮವು 2030ರೊಳಗೆ ಕಟ್ಟುಗಳೆಲ್ಲ ಮರುಬಳಕೆಗೆ ಒದಗುವಂತಿರಬೇಕೆನ್ನುತ್ತದೆ. ಇವೆರಡೂ ಕಟ್ಟನ್ನು ಕುರಿತವು. ರಬ್ಬರಿಗೆ ಉಣ್ಣೆ ಮತ್ತು ನೈಲಾನಿನ ಹೊದಿಕೆಯನ್ನು ಅಂಟಿನಿಂದ ಬೆಸೆದ ಚೆಂಡು ಕಟ್ಟೆನಿಸದು. ಅದನ್ನು ಬೇರ್ಪಡಿಸುವುದು ಡಬ್ಬಿಗಿಂತಲೂ ಪ್ರಯಾಸಕರವಾದ ಕೆಲಸವಾಗಿಯೇ ಉಳಿದಿದೆ.